ಪಲ್ಪರ್ ಮನೆಯ ಗುರುವಯ್ಯನ ನಲವತ್ತೆರಡು ದಿನ

ನೆಲ್ಲಿಗುಂಡಿ ಎಸ್ಟೇಟಿನಲ್ಲಿ ಕಾಫಿಹಣ್ಣು ಸುಲಿದು ತೊಳೆಯುವ ಪಲ್ಪರ್ ಮನೆಯಲ್ಲಿ ಗುರುವಯ್ಯನ ಕೈಗೆ ಇದ್ದ ಮರ್ಯಾದೆ ಯಾವ ಮೀಟರಿಗೂ ಇರಲಿಲ್ಲ. ಹಣ್ಣಿನ ಸಿಪ್ಪೆ ಬಿಡಿಸಿದ ಕಾಫಿಬೀಜ ತೊಟ್ಟಿಯಲ್ಲಿ ಒಂದೂವರೆ ದಿನ ಕೂತು ಮೈಮೇಲಿನ ಲೋಳೆ ಕಳೆದುಕೊಳ್ಳಬೇಕು. ಬೇಗ ತೊಳೆದರೆ ಅಂಟು ಉಳಿಯುತ್ತದೆ, ತಡವಾದರೆ ಹುಳಿ ಹಿಡಿಯುತ್ತದೆ. ಗುರುವಯ್ಯ ತೊಟ್ಟಿಗೆ ಮೊಣಕೈವರೆಗೆ ಕೈ ಇಳಿಸಿ, ಒಂದು ಹಿಡಿ ಬೀಜ ಎತ್ತಿ, ಕಿವಿಯ ಹತ್ತಿರ ಹಿಡಿದು ಉಜ್ಜುತ್ತಿದ್ದ. ಹರಳು ಉಜ್ಜಿದಂತೆ ಜರ್ ಜರ್ ಎಂದರೆ ತೊಳೆಯಲು ಹೇಳುತ್ತಿದ್ದ. ಮೂವತ್ತೊಂದು ವರ್ಷದಲ್ಲಿ ಅವನು ಹೇಳಿದ ಹೊತ್ತಿಗೆ ತೊಳೆದು ಒಣಗಿಸಿದ ಬೀಜ, ಎಸ್ಟೇಟಿನ ಮಾತಿನಲ್ಲಿ ಪಾರ್ಚ್‌ಮೆಂಟು, ಒಂದು ಸಲವೂ ಕೆಟ್ಟಿರಲಿಲ್ಲ. ಓದಿದ್ದು ಏಳನೇ ಕ್ಲಾಸು. ಈ ಎರಡನ್ನೂ ಅವನು ಒಂದೇ ಉಸಿರಿನಲ್ಲಿ, ಒಂದೇ ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದ.

ಅಂಥವನು ಹೋದ ವರ್ಷ ಒಂದು ಲೆಕ್ಕದಲ್ಲಿ ಎಡವಿ ಹಳ್ಳವನ್ನು ಕೊಂದ. ಕೊಂದ ಎನ್ನುವುದು ನನ್ನ ಮಾತಲ್ಲ, ಅವನದೇ. ನಾನಾದರೆ ಇಷ್ಟು ಕಟುವಾಗಿ ಹೇಳುತ್ತಿರಲಿಲ್ಲ.

ಕಾಫಿ ತೊಳೆದ ನೀರೆಂದರೆ ಸಾಮಾನ್ಯದ್ದಲ್ಲ. ಸಿಪ್ಪೆಯ ರಸ, ಲೋಳೆ, ಸಕ್ಕರೆ ಎಲ್ಲ ಸೇರಿ ಎರಡು ದಿನದಲ್ಲಿ ಕಪ್ಪಾಗಿ ನಾರತೊಡಗುತ್ತದೆ. ಅದನ್ನು ಹಳ್ಳಕ್ಕೆ ಬಿಟ್ಟರೆ ನೀರಿನಲ್ಲಿರುವ ಗಾಳಿಯನ್ನೆಲ್ಲ ಅದೇ ಕುಡಿದುಬಿಡುತ್ತದೆ, ಮೀನಿಗೆ ಉಸಿರು ಉಳಿಯುವುದಿಲ್ಲ. ಅದಕ್ಕೇ ಎಸ್ಟೇಟಿನಲ್ಲಿ ದೊಡ್ಡ ಟ್ಯಾಂಕು ಕಟ್ಟಿ, ಸುಣ್ಣ ಹಾಕಿ, ನೀರು ತನ್ನಷ್ಟಕ್ಕೇ ತಿಳಿಯಾಗುವವರೆಗೆ ನಿಲ್ಲಿಸುತ್ತಾರೆ. ತಿಳಿಯಾಯಿತೋ ಇಲ್ಲವೋ ಎಂದು ಬಾಟಲಿಯಲ್ಲಿ ನೀರು ತುಂಬಿ ಚಿಕ್ಕಮಗಳೂರಿನ ಒಂದು ಲ್ಯಾಬಿಗೆ ಕಳಿಸಿದರೆ ಐದು ದಿನ ಕಳೆದು ಒಂದು ಅಂಕಿ ಬರುತ್ತದೆ. ಲ್ಯಾಬಿನವರು ಅದಕ್ಕೆ ಏನೋ ಇಂಗ್ಲಿಷ್ ಹೆಸರು ಹೇಳುತ್ತಾರೆ. ಗುರುವಯ್ಯನ ಬಾಯಲ್ಲಿ ಅದು ಕೊಳೆ ಅಂಕಿ. ಆ ಅಂಕಿ ಮೂವತ್ತಕ್ಕೆ ಇಳಿದ ಮೇಲೇ ತೂಬು ಎತ್ತಿ ನೀರನ್ನು ಹಳ್ಳಕ್ಕೆ ಬಿಡಬೇಕು.

ಹೋದ ವರ್ಷ ಟ್ಯಾಂಕು ಮುಚ್ಚಿದ ದಿನ ಕೊಳೆ ಅಂಕಿ ಮೂರು ಸಾವಿರದ ಇನ್ನೂರು ಇತ್ತು. ಐದನೆಯ ದಿನ ತುಂಬಿದ ಬಾಟಲಿಯದು ಸಾವಿರದ ಆರುನೂರು. ಸರಿಯಾಗಿ ಅರ್ಧ. ಗುರುವಯ್ಯ ನಿಂತ ನಿಲುವಿನಲ್ಲೇ ಲೆಕ್ಕ ಹಾಕಿದ. ಅರ್ಧ ಪ್ಲಾಟಿನ ಹಣ್ಣು ಕೊಯ್ಯಲು ಐದು ದಿನ ಹಿಡಿದರೆ ಇಡೀ ಪ್ಲಾಟಿಗೆ ಹತ್ತು ದಿನ. ಅರ್ಧ ಬೇಲಿಗೆ ಐದು ದಿನವಾದರೆ ಪೂರ್ತಿ ಬೇಲಿಗೆ ಹತ್ತು. ಎಸ್ಟೇಟಿನಲ್ಲಿ ಗೊಬ್ಬರದಿಂದ ಹಿಡಿದು ಗುಂಡಿ ತೋಡುವವರೆಗೆ ಈ ಲೆಕ್ಕ ಒಂದು ದಿನವೂ ಕೈಕೊಟ್ಟದ್ದಿಲ್ಲ. ಕೊಳೆಗೂ ಅದೇ ನ್ಯಾಯವೆಂದುಕೊಂಡ. ವರದಿ ಬರುವ ಹೊತ್ತಿಗೆ ಹತ್ತನೆಯ ದಿನವೂ ಬಂದಿತ್ತು. ಮಾಲೀಕರಾದ ಮಂಜಯ್ಯನವರಿಗೆ ‘ಎಲ್ಲ ಹೋಗಿರ್ತದೆ, ಬಿಟ್ಟುಬಿಡಾಣ’ ಎಂದು ತಾನೇ ಹೇಳಿ, ತಾನೇ ತೂಬು ಎತ್ತಿದ.

ಮಾರನೆಯ ಬೆಳಿಗ್ಗೆ ದೇವೀರಮ್ಮ ಪಲ್ಪರ್ ಮನೆಗೆ ಬಂದಳು. ಎಪ್ಪತ್ತರ ಹತ್ತಿರದ ಹೆಂಗಸು. ಎಸ್ಟೇಟಿನಲ್ಲಿ ನಲವತ್ತು ವರ್ಷ ಹಣ್ಣು ಕೊಯ್ದು, ಈಗ ಹಳ್ಳದ ಕೆಳದಂಡೆಯಲ್ಲಿ ಒಂದು ಹಸು ಕಟ್ಟಿಕೊಂಡು ಇದ್ದಾಳೆ. ಗುರುವಯ್ಯನ ತಾಯಿಯ ಜೊತೆಗಾತಿ. ತಾಯಿ ತೀರಿಕೊಂಡಾಗ ಇವನ ಕೈಹಿಡಿದುಕೊಂಡು ಬಂದು, ಹಳೇ ಧಣಿಗಳ ಮುಂದೆ ನಿಲ್ಲಿಸಿ, ಪಲ್ಪರ್ ಮನೆ ಕೆಲಸ ಕೊಡಿಸಿದವಳು ಅವಳೇ. ಆ ದಿನ ಅವಳು ಕೂಗಾಡಲಿಲ್ಲ. ಕೆಸುವಿನ ಎಲೆಯೊಂದನ್ನು ಹೊಸ್ತಿಲ ಮೇಲಿಟ್ಟು ಬಿಚ್ಚಿದಳು. ಒಳಗೆ ಬೆರಳುದ್ದದ ಏಳೆಂಟು ಮೀನು, ಬಾಯಿ ತೆರೆದುಕೊಂಡು ಸತ್ತಿದ್ದವು.

“ಮೂಸಿ ನೋಡು ಗುರುವಾ. ನಿನ್ನ ಮೂಗಿಗೂ ಕೈಗೂ ಭಾರೀ ಹೆಸರಲ್ವಾ? ಇದು ಎಷ್ಟು ದಿನದ್ದು ಹೇಳು ನೋಡುವಾ.”

ಅವಳು ಎಲೆಯನ್ನು ಅಲ್ಲೇ ಬಿಟ್ಟು ಹೋದಳು. ಅಂದಿನಿಂದ ಹಳ್ಳಕ್ಕೆ ಇಳಿಯುವುದನ್ನೂ ಬಿಟ್ಟಳು. ಪಾತ್ರೆಗೆ, ಬಟ್ಟೆಗೆ, ಹಸುವಿಗೆ ಎಂದು ಆಳುಗಳ ಲೈನ್ ಮನೆಗಳ ನಲ್ಲಿಯವರೆಗೆ ಏರು ಹತ್ತಿ ನೀರು ಹೊರತೊಡಗಿದಳು. ಮಳೆಗಾಲ ಬಂದು ಹಳ್ಳ ಹತ್ತು ಸಲ ತೊಳೆದುಹೋಯಿತು, ಮೀನೂ ಮತ್ತೆ ಕಂಡವು. ಅವಳು ಮಾತ್ರ ಇಳಿಯಲಿಲ್ಲ. ಗುರುವಯ್ಯ ಎದುರು ಸಿಕ್ಕರೆ ಕೊಡವನ್ನು ಸೊಂಟದ ಈ ಮಗ್ಗುಲಿಂದ ಆ ಮಗ್ಗುಲಿಗೆ ಬದಲಿಸಿ ನಡೆದುಬಿಡುತ್ತಿದ್ದಳು. ಮಂಜಯ್ಯನವರು ಬೈದದ್ದು ಅವನಿಗೆ ಎರಡು ದಿನದಲ್ಲಿ ಮರೆತುಹೋಯಿತು. ಆ ಕೊಡ ಬದಲಿಸುವುದನ್ನು ಮರೆಯಲಾಗಲಿಲ್ಲ. ಅವಳು ಮತ್ತೆ ಆ ಹಳ್ಳದ ನೀರು ಮುಟ್ಟುವವರೆಗೆ ತನ್ನ ಮೂವತ್ತೊಂದು ವರ್ಷಕ್ಕೆ ಬೆಲೆಯಿಲ್ಲ ಎಂದು ಅವನಿಗೆ ಅನ್ನಿಸಿಬಿಟ್ಟಿತ್ತು.

ಏನು ತಪ್ಪಿತು ಎಂಬುದು ತಿಳಿದದ್ದು ಬಸ್ಸಿನಲ್ಲಿ. ಮೀನು ಸತ್ತ ವಾರವೇ ಗುರುವಯ್ಯ ಟ್ಯಾಂಕಿನ ತಳದಲ್ಲಿ ಉಳಿದಿದ್ದ ಬಗ್ಗಡ ನೀರಿನ ಬಾಟಲಿ ಹಿಡಿದು ಲ್ಯಾಬಿಗೆಂದು ಮೂಡಿಗೆರೆಯ ಬಸ್ಸು ಹತ್ತಿದ್ದ. ಮುಚ್ಚಳ ಸಡಿಲವಾಗಿತ್ತೋ ಏನೋ, ಅಕ್ಕಪಕ್ಕದವರು ಒಬ್ಬೊಬ್ಬರಾಗಿ ಎದ್ದು ಹಿಂದಕ್ಕೆ ಹೋದರು. ಒಬ್ಬರು ಮಾತ್ರ ಕದಲಲಿಲ್ಲ. ಬಣಕಲ್ಲಿನಲ್ಲಿ ಮನೆ ಮಾಡಿಕೊಂಡು ಮೂಡಿಗೆರೆಯ ಕಾಲೇಜಿಗೆ ಗಣಿತ ಹೇಳಲು ಹೋಗುವ ನಾಗಶ್ರೀ ಮೇಡಂ. ಅವರಿಗೆ ಆ ದಿನ ನೆಗಡಿಯಾಗಿತ್ತು ಎಂದು ಆಮೇಲೆ ಅವರೇ ನಕ್ಕು ಹೇಳಿದರು. ಬಾಟಲಿ ಏನೆಂದು ಅವರು ಕೇಳಿದ್ದೇ ತಡ, ಗುರುವಯ್ಯ ಮೀನಿನವರೆಗೆ ಎಲ್ಲವನ್ನೂ ಹೇಳಿಬಿಟ್ಟ.

ಮೇಡಂ ಅವನ ಕೈಯಿಂದ ಬಸ್ ಟಿಕೆಟು ತೆಗೆದುಕೊಂಡು ಅರ್ಧಕ್ಕೆ ಮಡಚಿದರು.

“ಐದು ದಿನಕ್ಕೆ ಅರ್ಧ ಹೋಯ್ತು. ಉಳಿದದ್ದು ಎಷ್ಟು?”

“ಸಾವಿರದ ಆರ್ನೂರು.”

“ಮುಂದಿನ ಐದು ದಿನಕ್ಕೆ ಇನ್ನೊಂದು ಸಾವಿರದ ಆರ್ನೂರು ಹೋಗಲ್ಲ ಗುರುವಯ್ಯನೋರೆ. ಉಳಿದದ್ದರಲ್ಲಿ ಅರ್ಧ ಹೋಗತ್ತೆ.” ಟಿಕೆಟನ್ನು ಇನ್ನೊಮ್ಮೆ ಮಡಚಿದರು. “ನೀವು ತೂಬು ಎತ್ತಿದ ದಿನ ಎಂಟುನೂರು ಇತ್ತು.”

ಸೊನ್ನೆಯೆಂದುಕೊಂಡ ಕಡೆ ಎಂಟುನೂರು. ಗುರುವಯ್ಯ ಟಿಕೆಟನ್ನು ಮರಳಿ ತೆಗೆದುಕೊಂಡು ತಾನೇ ಮಡಚತೊಡಗಿದ. ನಾನೂರು, ಇನ್ನೂರು, ನೂರು, ಐವತ್ತು. ಏಳನೆಯದಕ್ಕೆ ಕಾಗದ ಬಗ್ಗಲೊಲ್ಲದೆ ಉಗುರಿನಲ್ಲಿ ಒತ್ತಿದ. ಇಪ್ಪತ್ತೈದು.

“ಆರಕ್ಕೆ ಸಾಲದು, ಏಳಕ್ಕೆ ಸಾಕು. ಏಳೈದಲ ಮೂವತ್ತೈದು ದಿನ,” ಎಂದ.

“ಸದ್ಯಕ್ಕೆ ಅಷ್ಟು ಸಾಕು,” ಎಂದರು ಮೇಡಂ. ಸದ್ಯಕ್ಕೆ ಎಂದದ್ದು ಅವನ ಕಿವಿಗೆ ಬೀಳಲಿಲ್ಲ. ಆ ಟಿಕೆಟು ಅವನ ಅಂಗಿಯ ಜೇಬಿನಲ್ಲಿ ಒಂದು ವರ್ಷ ಉಳಿಯಿತು.

ಈ ವರ್ಷ ಮಳೆ ಹಿಂದೆ ಬಿದ್ದು ಹಣ್ಣು ತಡವಾಯಿತು. ಮೊದಲು ಹಣ್ಣಾಗುವ ಅರೇಬಿಕಾ ಕಾಫಿ ತೊಳೆದು ಟ್ಯಾಂಕು ಮುಚ್ಚುವಾಗ ಜನವರಿ ಐದು. ಕೊಳೆ ಅಂಕಿ ಹೋದ ವರ್ಷದಷ್ಟೇ, ಮೂರು ಸಾವಿರದ ಇನ್ನೂರು. ಗುರುವಯ್ಯ ಎದೆ ಉಬ್ಬಿಸಿ ಮಂಜಯ್ಯನವರಿಗೆ ಹೇಳಿದ: ಫೆಬ್ರವರಿ ಒಂಬತ್ತಕ್ಕೆ ತೂಬು ಎತ್ತಬಹುದು. ಮಂಜಯ್ಯನವರು ಆ ತಾರೀಖಿಗೇ, ಅದರ ನಂತರ ಹಣ್ಣಾಗುವ ರೋಬಸ್ಟಾ ಕಾಫಿಯ ಪಲ್ಪಿಂಗ್ ಇಟ್ಟುಕೊಂಡರು. ಟ್ಯಾಂಕು ಖಾಲಿಯಾಗದೆ ರೋಬಸ್ಟಾ ತೊಳೆಯುವಂತಿಲ್ಲ. ತೊಳೆಯಲಾಗದ ಹಣ್ಣನ್ನು ಸಿಪ್ಪೆ ಸಮೇತ ಕಣದಲ್ಲಿ ಒಣಗಿಸಬೇಕು, ಅದು ಪಾರ್ಚ್‌ಮೆಂಟಿನಷ್ಟು ಒಳ್ಳೆಯ ಮಾಲಲ್ಲ. ಗುರುವಯ್ಯ ದೇವೀರಮ್ಮನ ಬಾಗಿಲಿಗೂ ಹೋಗಿ ತಾರೀಖು ಹೇಳಿ ಬಂದ. ಅವಳು ಒಳಗಿನಿಂದಲೇ ‘ಹ್ಞೂಂ’ ಎಂದಳು.

ಜನವರಿ ಹದಿನೈದಕ್ಕೆ ಲ್ಯಾಬಿನ ಕಾಗದ ಬಂತು. ಐದನೆಯ ದಿನದ ಅಂಕಿ ಸಾವಿರದ ಆರುನೂರು ಇರಲಿಲ್ಲ. ಸಾವಿರದ ಎಂಟುನೂರ ಇಪ್ಪತ್ತು ಇತ್ತು. ಗುರುವಯ್ಯ ಕಾಗದವನ್ನು ತಿರುಗಿಸಿ ಹಿಂದೆಯೂ ನೋಡಿದ. ಹೋದ ವರ್ಷದ ಟ್ಯಾಂಕು ಮುಚ್ಚಿದ್ದು ಡಿಸೆಂಬರಿನ ಮೊದಲಲ್ಲಿ, ಮೋಡವಿದ್ದು ಸೆಕೆಯಿದ್ದ ದಿನಗಳಲ್ಲಿ. ಈಗ ಬೆಳಿಗ್ಗೆ ಬಾಯಿ ತೆರೆದರೆ ಹೊಗೆ ಬರುವ ಚಳಿ. ಚಳಿಯಲ್ಲಿ ತೊಟ್ಟಿಯ ಬೀಜ ಲೋಳೆ ಬಿಡಲು ತಡಮಾಡುತ್ತದೆ ಎಂದು ಅವನ ಕೈಗೆ ಮೂವತ್ತೊಂದು ವರ್ಷದಿಂದ ಗೊತ್ತು. ಟ್ಯಾಂಕಿನ ಕೊಳೆಗೂ ಚಳಿಯಾಗುತ್ತದೆ ಎಂದು ತಲೆಗೆ ಹೊಳೆದಿರಲಿಲ್ಲ. ಜೇಬಿನ ಟಿಕೆಟು ತೆಗೆದ. ಅರ್ಧಕ್ಕೆ ಮಡಚಬಹುದು. ಅರ್ಧಕ್ಕಿಂತ ಒಂಚೂರು ಕಡಿಮೆ ಹೋಗುವುದನ್ನು ಹೇಗೆ ಮಡಚುವುದು?

ಭಾನುವಾರ ಬಣಕಲ್ಲಿನಲ್ಲಿ ನಾಗಶ್ರೀ ಮೇಡಮ್ಮಿನ ಜಗಲಿಯ ಮೇಲೆ ಕೂತ. ಮೇಡಂ ಕಾಫಿ ತಂದಿಟ್ಟು ಕಾಗದ ನೋಡಿದರು.

“ನಿಮ್ಮ ಫೋನ್ ಕೊಡಿ. ಇದರಲ್ಲಿ ಕ್ಯಾಲ್ಕುಲೇಟರ್ ಇದೆಯಲ್ಲ, ಅಡ್ಡ ಹಿಡೀರಿ.”

ಅಡ್ಡ ಹಿಡಿದಾಗ ಪರದೆಯ ಮೇಲೆ ಹಿಂದೆಂದೂ ಕಾಣದ ಗುಂಡಿಗಳು ಸಾಲಾಗಿ ಬಂದವು. ನಾಲ್ಕು ವರ್ಷದಿಂದ ಜೇಬಿನಲ್ಲಿಟ್ಟುಕೊಂಡು ತಿರುಗಿದ ಫೋನಿನ ಹೊಟ್ಟೆಯಲ್ಲಿ ಇಷ್ಟೆಲ್ಲ ಇತ್ತೇ ಎಂದು ಗುರುವಯ್ಯ ಬೆರಗಾದ.

“ಈ ಲಾಗ್ ಅನ್ನೋದು ಒಂದೇ ಪ್ರಶ್ನೆ ಕೇಳತ್ತೆ. ಈ ಸಂಖ್ಯೆ ಬರೋದಕ್ಕೆ ಹತ್ತರ ಮೇಲೆ ಯಾವ ಘಾತ ಹಾಕ್ಬೇಕು? ಎರಡು ಸಲ ಹತ್ತು, ಅಂದ್ರೆ ಹತ್ತು ಇಂಟು ಹತ್ತು, ನೂರು. ಹಾಗಾಗಿ ನೂರರ ಲಾಗ್ ಎರಡು. ಸಾವಿರಕ್ಕೆ ಮೂರು. ಹತ್ತು ಸಾವಿರಕ್ಕೆ ನಾಲ್ಕು. ಮೂರು ಸಾವಿರದ ಇನ್ನೂರು ಇವೆರಡರ ನಡುವೆ ಇದೆ. ಒತ್ತಿ.”

ಒತ್ತಿದ. 3.505 ಎಂದು ಬಂತು. ಸಾವಿರದ ಎಂಟುನೂರ ಇಪ್ಪತ್ತಕ್ಕೆ ಒತ್ತಿದ. 3.260.

“ಎಷ್ಟು ಇಳೀತು?”

“ಸೊನ್ನೆ ಪಾಯಿಂಟ್ ಎರಡು ನಾಲ್ಕು ಐದು.”

“ಈಗ ಮುಂದಿನ ಐದು ದಿನ ನೋಡಾಣ. ಮೂರು ಸಾವಿರದ ಇನ್ನೂರರಲ್ಲಿ ಎಷ್ಟು ಪಾಲು ಉಳೀತೋ, ಈಗಿನದರಲ್ಲೂ ಅಷ್ಟೇ ಪಾಲು ಉಳಿಯತ್ತೆ.” ಅವರೇ ಗುಣಿಸಿ ಹೇಳಿದರು. “ಸಾವಿರದ ಮೂವತ್ತೈದು. ಅದರ ಲಾಗ್ ಒತ್ತಿ.”

3.015. ಗುರುವಯ್ಯ ಕಾಗದದ ಅಂಚಿನಲ್ಲಿ ಕಳೆದು ನೋಡಿದ. ಮತ್ತೆ 0.245.

ಅವನು ಪೆನ್ನು ಕೆಳಗಿಟ್ಟ. ಕಾಗದದ ಎಡಗಡೆ ಬರೆದಿದ್ದ ಕೊಳೆಯ ಅಂಕಿಗಳು ಮೊದಲ ಐದು ದಿನ ಸಾವಿರದ ಮುನ್ನೂರ ಎಂಬತ್ತು ಇಳಿದು, ಎರಡನೆಯ ಐದು ದಿನ ಏಳುನೂರ ಎಂಬತ್ತೈದಕ್ಕೇ ಸುಸ್ತಾಗಿದ್ದವು. ಬಲಗಡೆಯ ಲಾಗ್ ಸಾಲಿನಲ್ಲಿ ಅಂಥ ಸೋಮಾರಿತನವಿಲ್ಲ. ಐದು ದಿನಕ್ಕೆ ಇಷ್ಟು, ಮತ್ತೆ ಐದು ದಿನಕ್ಕೆ ಅಷ್ಟೇ. ನಿಯತ್ತಿನ ಆಳು ಪ್ಲಾಟಿನಲ್ಲಿ ಸಾಲು ಹಿಡಿದು ಕೊಯ್ದಂತೆ.

“ಇದು ನಮ್ಮ ಎಸ್ಟೇಟ್ ಲೆಕ್ಕನೇ ಅಲ್ವಾ ಮೇಡಂ?”

“ಅದೇ. ನಿಮ್ಮ ಲೆಕ್ಕ ತಪ್ಪಾಗಿರಲಿಲ್ಲ. ಅದನ್ನ ಹಾಕೋ ಸಾಲು ತಪ್ಪಿತ್ತು.”

ಒಂದು ವರ್ಷದಿಂದ ತಾನೊಬ್ಬ ದಡ್ಡ ಎಂದುಕೊಂಡು ತಿರುಗಿದವನಿಗೆ ಈ ಮಾತು ಎಷ್ಟು ತಂಪೆನಿಸಿತೆಂದರೆ, ಕಣ್ಣು ಒದ್ದೆಯಾದದ್ದು ಮೇಡಮ್ಮಿಗೆ ಕಾಣದಿರಲೆಂದು ಕಾಫಿ ಲೋಟ ಎತ್ತಿಕೊಂಡ. ಉಳಿದದ್ದನ್ನು ಅವನೇ ಮಾಡಿದ. ಮೂವತ್ತರ ಲಾಗ್ 1.477. 3.505ರಿಂದ ಅಲ್ಲಿಗೆ ಇಳಿಯಬೇಕಾದದ್ದು ಒಟ್ಟು 2.028. ಐದು ದಿನಕ್ಕೆ 0.245ರಂತೆ ಎಷ್ಟು ಸಲ? ಎಂಟು ಪಾಯಿಂಟ್ ಎರಡು ಎಂಟು ಸಲ. ಐದರಿಂದ ಗುಣಿಸಿದರೆ ನಲವತ್ತೊಂದು ದಿನ ದಾಟುತ್ತದೆ.

“ನಲವತ್ತೆರಡು,” ಎಂದ. ಹಾಗೆಂದ ಮೇಲೆ ಅವನ ಮುಖ ಸಣ್ಣದಾಯಿತು. ಎರಡು ಬಾಗಿಲಿಗೆ ಹೋಗಿ ಮೂವತ್ತೈದು ಎಂದು ಹೇಳಿ ಬಂದದ್ದು ನೆನಪಾಗಿತ್ತು.

ಗಣಿತ ಕಲಿಯುವುದು ಕಷ್ಟವೆನ್ನುತ್ತಾರೆ. ಹೇಳಿದ ಮಾತನ್ನು ಧಣಿಗಳ ಮುಂದೆ ವಾಪಸು ತೆಗೆದುಕೊಳ್ಳುವುದು ಎಷ್ಟು ಕಷ್ಟ ಎಂದು ಹಾಗೆನ್ನುವವರಿಗೆ ಗೊತ್ತಿರಲಾರದು. ಗುರುವಯ್ಯ ಇವತ್ತು ಹೇಳುತ್ತೇನೆ, ನಾಳೆ ಹೇಳುತ್ತೇನೆ ಎಂದು ಮೂರು ವಾರ ತಳ್ಳಿದ. ಅಷ್ಟರಲ್ಲಿ ಚಳಿ ಬಿಟ್ಟು ಎಲ್ಲ ಸರಿಹೋಗಬಹುದೆಂಬ ಆಸೆಯೂ ಒಳಗೊಳಗೇ ಇತ್ತು. ಚಳಿ ಬಿಡಲಿಲ್ಲ. ಫೆಬ್ರವರಿ ಒಂಬತ್ತರ ಬೆಳಿಗ್ಗೆ ಮಂಜಯ್ಯನವರು ಜೀಪು ನಿಲ್ಲಿಸಿ ಟ್ಯಾಂಕಿನ ಕಟ್ಟೆಗೆ ಬಂದರು. ನೀರು ನೋಡಲು ತಿಳಿಯಾಗಿಯೇ ಇತ್ತು. ನಾತವೂ ಇರಲಿಲ್ಲ.

“ಎತ್ತು ಮಾರಾಯ, ಇನ್ನೆಂತ ನೋಡ್ತೀಯ? ಹಣ್ಣು ಕೊಯ್ದು ರಾಶಿ ಹಾಕಿದೆ.”

“ಅಯ್ಯಾ, ಇನ್ನೂ ಏಳು ದಿನ ಬೇಕು.”

“ನೀನೇ ಹೇಳಿದ ತಾರೀಖಲ್ವೇನೋ ಇದು?”

“ನಾನೇ ಹೇಳಿದ್ದು. ತಪ್ಪು ಹೇಳಿದ್ದೆ. ತಪ್ಪು ಅಂತ ಗೊತ್ತಾಗಿ ಮೂರು ವಾರ ಆಯ್ತು, ಹೇಳೋದಕ್ಕೆ ಧೈರ್ಯ ಬರ್ಲಿಲ್ಲ.”

ಮಂಜಯ್ಯನವರು ಕೆಂಡವಾದರು. ಮೂರು ವಾರ ಮೊದಲೇ ಬಾಯಿಬಿಟ್ಟಿದ್ದರೆ ಕೊಯ್ಲು ಮುಂದೆ ಹಾಕಬಹುದಿತ್ತಲ್ಲ ಎಂದು ಅವರು ಕೇಳಿದ್ದರಲ್ಲಿ ನ್ಯಾಯವಿತ್ತು. ನೋಡಿದರೆ ನೀರು ಚೆನ್ನಾಗಿಯೇ ಇದೆಯಲ್ಲ ಎಂದೂ ಕೇಳಿದರು. ಗುರುವಯ್ಯ ಬೈಗುಳವನ್ನು ತಲೆತಗ್ಗಿಸಿ ಕೇಳಿದ. ತೂಬಿನ ಹಿಡಿಕೆಯ ಮೇಲಿಟ್ಟ ಕೈ ಮಾತ್ರ ತೆಗೆಯಲಿಲ್ಲ.

“ನೋಡೋದಕ್ಕೆ ಹೋದ ವರ್ಷನೂ ಚೆನ್ನಾಗೇ ಇತ್ತು ಅಯ್ಯಾ. ನನ್ನ ಮೂಗು ಇದರಲ್ಲಿ ಕೆಲಸಕ್ಕೆ ಬರಲ್ಲ.” ಜೇಬಿನಿಂದ ಮಡಚಿದ ಚೀಟಿಯೊಂದನ್ನು ತೆಗೆದು ಕೊಟ್ಟ. “ಇವತ್ತಿನ ನೀರು ಅರವತ್ತೆರಡು ಇರ್ತದೆ. ಐದು ದಿನದ ಲೆಕ್ಕ ಏಳು ಸಲ ಹಾಕಿ ಬರ್ದಿಟ್ಟಿದೀನಿ. ಬಾಟ್ಲಿ ಈಗ್ಲೇ ಕಳಿಸಿ. ಲ್ಯಾಬ್‌ನೋರು ಮೂವತ್ತು ಅಂದ್ರೆ ಬಂದ ಗಳಿಗೆಗೇ ತೂಬು ಎತ್ತಿ, ಪಲ್ಪರ್ ಮನೆ ಬೀಗದ ಕೈನೂ ನಿಮಗೆ ಕೊಟ್ಟು ಹೋಗ್ತೀನಿ.”

ಮಂಜಯ್ಯನವರು ಚೀಟಿ ನೋಡಿದರು, ಅವನ ಮುಖ ನೋಡಿದರು. ಕಾಫಿ ಬೋರ್ಡಿನ ಮೀಟಿಂಗು, ಪ್ಲಾಂಟರ್ಸ್ ಕ್ಲಬ್ಬು ಎಂದು ಊರೆಲ್ಲ ಸುತ್ತಿದವರು. ಇನ್ನೂ ನೀರು ಲ್ಯಾಬಿಗೆ ಹೋಗುವ ಮೊದಲೇ ಅದರ ಅಂಕಿ ಬರೆದುಕೊಡುವ ಮನುಷ್ಯನನ್ನು ಅವರು ನೋಡಿರಲಿಲ್ಲ. ಚೀಟಿಯನ್ನು ಕಿಸೆಗೆ ಹಾಕಿಕೊಂಡು, ರಾಶಿ ಹಾಕಿದ ಹಣ್ಣನ್ನು ಕಣಕ್ಕೆ ಹರವಲು ಹೇಳಿ ಹೋದರು. ಬಾಟಲಿ ಅದೇ ಜೀಪಿನಲ್ಲಿ ಹೋಯಿತು.

ಆ ಐದು ದಿನ ಗುರುವಯ್ಯ ಸರಿಯಾಗಿ ಉಣ್ಣಲಿಲ್ಲ. ರೋಬಸ್ಟಾ ಕಣದಲ್ಲಿ ಕೆಂಪಗೆ ಹರವಿಕೊಂಡಿತ್ತು. ಅದರಲ್ಲಿ ಒಳ್ಳೆಯ ಪಾರ್ಚ್‌ಮೆಂಟು ಮಾಡಬಹುದಾಗಿದ್ದ ಕೈ ಸುಮ್ಮನೆ ಕೂತಿತ್ತು. ಆರನೆಯ ದಿನ ಮಂಜಯ್ಯನವರು ಫೋನು ಮಾಡಿದರು.

“ಅರವತ್ತಮೂರು ಬಂದಿದೆ. ಅದೆಂತ ಲೆಕ್ಕ ಗುರುವಯ್ಯ? ನಂಗೂ ಒಂಚೂರು ಹೇಳು ಮಾರಾಯ, ಬಿಡುವಾದಾಗ.”

ನಲವತ್ತೆರಡನೆಯ ದಿನ ಗುರುವಯ್ಯ ತೂಬನ್ನು ನಾಲ್ಕು ಬೆರಳಷ್ಟು ಮಾತ್ರ ಎತ್ತಿದ. ನೀರು ಹಳ್ಳಕ್ಕೆ ಸೇರುವಲ್ಲಿ ನೊರೆಯಿರಲಿಲ್ಲ. ಹಳ್ಳದ ಜೊತೆಯಲ್ಲೇ ಕೆಳಗೆ ನಡೆದ. ದೇವೀರಮ್ಮ ಮನೆಯ ಮುಂದೆ ಖಾಲಿ ಕೊಡ ಹಿಡಿದು ಏರು ಹತ್ತಲು ಹೊರಟಿದ್ದಳು. ಈ ಸಲ ಕೊಡ ಬದಲಿಸುವ ಮೊದಲೇ ಅವನು ಅಡ್ಡ ನಿಂತ.

“ದೇವೀರಕ್ಕ, ನೀರು ಬಿಟ್ಟಿದೀನಿ. ಒಂಬತ್ತಕ್ಕೆ ಬಿಡ್ತೀನಿ ಅಂದಿದ್ದೆ, ಇವತ್ತು ಬಿಟ್ಟೆ.”

“ಗೊತ್ತು. ಧಣಿಗಳ ಹತ್ರ ಬೈಸ್ಕೊಂಡ್ಯಂತೆ.” ಅವಳು ಹಳ್ಳದ ಕಡೆ ನೋಡಿದಳು. “ಕೊಳೆ ಎಲ್ಲ ಹೋಯ್ತಾ?”

ಹೌದು ಎಂದುಬಿಡಬಹುದಿತ್ತು. ಹೋದ ವರ್ಷ ‘ಎಲ್ಲ’ ಎಂಬ ಮಾತಿನಿಂದಲೇ ಇಷ್ಟೆಲ್ಲ ಆದದ್ದು ಅವನಿಗೆ ನೆನಪಿತ್ತು.

“ಇಲ್ಲ ಅಕ್ಕ. ಎಲ್ಲ ಯಾವತ್ತೂ ಹೋಗಲ್ಲ. ಇದ್ದದ್ದರಲ್ಲಿ ಒಂದು ಪಾಲು ಹೋಗ್ತದೆ, ಮತ್ತೆ ಉಳಿದದ್ದರಲ್ಲಿ ಒಂದು ಪಾಲು. ಕಮ್ಮಿ ಆಗ್ತಾ ಆಗ್ತಾ ಹೋಗ್ತದೆ, ಸೊನ್ನೆ ಮಾತ್ರ ಆಗಲ್ಲ. ಹಳ್ಳ ತಡ್ಕೊಳ್ಳೋ ಅಷ್ಟಕ್ಕೆ ಬಂದಿದೆ. ಅಷ್ಟೇ ನಾನು ಹೇಳೋದು.”

ದೇವೀರಮ್ಮ ಕೊಡವನ್ನು ಸೊಂಟದಿಂದ ಇಳಿಸಿ ಕೈಯಲ್ಲಿ ಹಿಡಿದಳು.

“ನನ್ನ ಸಿಟ್ಟೂ ಹಂಗೇ ಗುರುವಾ,” ಎಂದಳು. “ಪೂರ್ತಿ ಹೋಗ್ಲಿಲ್ಲ. ತಡ್ಕೊಳ್ಳೋ ಅಷ್ಟಕ್ಕೆ ಬಂದಿದೆ.”

ಏರಿನ ದಾರಿ ಬಿಟ್ಟು, ಒಂದು ವರ್ಷದಿಂದ ಹುಲ್ಲು ಬೆಳೆದಿದ್ದ ಮೆಟ್ಟಿಲು ಹಿಡಿದು, ಒಂದೊಂದಾಗಿ ಹಳ್ಳಕ್ಕೆ ಇಳಿದಳು. ಗುರುವಯ್ಯ ಕೈ ಕೊಡಲು ಹೋದಾಗ ಬೇಡವೆಂದಳು. ನೀರನ್ನು ಅಂಗೈಯಲ್ಲಿ ಎತ್ತಿ ನೋಡಿ, ಚೆಲ್ಲಿ, ಮೊದಲು ಕೊಡವನ್ನು ತೊಳೆದಳು, ಆಮೇಲೆ ತುಂಬಿದಳು. ಮೇಲೆ ಕಟ್ಟಿದ್ದ ಹಸು ನೀರಿನ ಸದ್ದಿಗೆ ಕೂಗಿತು. ಗುರುವಯ್ಯ ತುಂಬಿದ ಕೊಡವನ್ನು ಅವಳ ಕೈಯಿಂದ ಇಸಿದುಕೊಂಡು ಹೆಗಲಿಗೇರಿಸಿ ಮೆಟ್ಟಿಲು ಹತ್ತಿದ. ಈ ಸಲ ಅವಳು ಬೇಡ ಎನ್ನಲಿಲ್ಲ.